ಕೇಳಿದವರದು ಒಂದು ಹಿಡಿ

ನಮ್ಮ ಸೋದರತ್ತೆಗೆ ಈ ಭೂಮಿಯ ಮೇಲೆ ಅಷ್ಟೇನೂ ನಂಬಿಕೆಯಿಲ್ಲ!

ಇದು ನಾನು ಕಟ್ಟಿದ ಮಾತಲ್ಲ. ಮನೆಮನೆಗೆ ಬಂದು ಹೆಸರು, ವಯಸ್ಸು ಬರೆದುಕೊಳ್ಳುತ್ತಿದ್ದ ಮೇಷ್ಟ್ರು ಕಾಯಂ ವಿಳಾಸ ಯಾವುದು ಎಂದು ಕೇಳಿದಾಗ ಆಕೆಯೇ ಹೇಳಿದ್ದು. "ಕಾಯಂ ಅಂತ ಯಾವುದೈತ್ರಿ ಸರ, ಸೂರ್ಯನ ಒಂದಿನ ಆರಿಹೋಗ್ತಾನಂತ. ಸದ್ಯಕ್ಕ ಕೂಡ್ಲಿಗಿ ಅಂತ ಬರಕೊಳ್ರಿ." ಮೇಷ್ಟ್ರು ಬಿಸಿಲಲ್ಲಿ ನಡೆದು ದಣಿದಿದ್ದರು. ವಾದಕ್ಕಿಳಿಯದೆ ಹಾಗೇ ಬರೆದುಕೊಂಡರು. ಯಾವುದೋ ಕಡತದಲ್ಲಿ ನಮ್ಮತ್ತೆ ಇವತ್ತಿಗೂ 'ಸದ್ಯಕ್ಕೆ ಕೂಡ್ಲಿಗಿ'ಯಲ್ಲಿದ್ದಾಳೆ.

ಈ ಪ್ರಸಂಗವನ್ನು ಕಣ್ಣಾರೆ ಕಂಡವಳಂತೆ ಹತ್ತಾರು ಜನರಿಗೆ ಹೇಳಿ ನಗಿಸಿದ್ದೇನೆ. ಮೇಷ್ಟ್ರ ಬಗಲಲ್ಲಿದ್ದ ಹಸಿರು ಚೀಲ ಕೂಡ ನನಗೆ ನೆನಪಿದೆ. ಆದರೆ ಮೊನ್ನೆ ಹಳೆಯ ಡೈರಿ ತೆಗೆದು ನೋಡಿದರೆ 'ಅತ್ತೆ ಫೋನ್ ಮಾಡಿ ಹೇಳಿದಳು' ಎಂದಿದೆ. ಆ ದಿನ ನಾನು ಹರಪನಹಳ್ಳಿಯಲ್ಲಿ ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಕೂತಿದ್ದೆ! ಹಾಗಾದರೆ ಹಸಿರು ಚೀಲ ಎಲ್ಲಿಂದ ಬಂತು? ನನಗೂ ಗೊತ್ತಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ನೆನಪನ್ನೂ ಡೈರಿಯನ್ನೂ ಎದುರುಬದುರು ಕೂರಿಸಿಕೊಂಡು ಬರೆದದ್ದು. ಇಬ್ಬರೂ ಜಗಳಕ್ಕೆ ಬಿದ್ದ ಕಡೆ ಮುಚ್ಚಿಡದೆ ಹೇಳುತ್ತೇನೆ.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯ ಪಕ್ಕ ಒಂದು ತಗಡಿನ ಶೆಡ್ಡಿದೆ. ಬೇಸಿಗೆ ಬಂತೆಂದರೆ ಅಲ್ಲಿ ಹುಣಸೆಹಣ್ಣಿನ ರಾಶಿ ಬೀಳುತ್ತದೆ. ಇಪ್ಪತ್ತು ಇಪ್ಪತ್ತೈದು ಹೆಂಗಸರು ಸಾಲಾಗಿ ಕೂತು, ಸಿಪ್ಪೆ ಬಡಿದು, ನಾರು ಎಳೆದು, ಹಣ್ಣನ್ನು ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಒಂದೇಟು ಹಾಕಿ ಬೀಜ ಚಿಮ್ಮಿಸಿ, ತಿರುಳನ್ನು ಪುಟ್ಟಿಗೆ ಎಸೆಯುತ್ತಾರೆ. ಪುಟ್ಟಿಯ ತೂಕದ ಮೇಲೆ ಕೂಲಿ. ಒಂದು ಕಾಲಕ್ಕೆ ಈ ಕೆಲಸದಲ್ಲಿ ನಮ್ಮತ್ತೆಯ ಕೈ ಮೀರಿಸುವವರು ಇರಲಿಲ್ಲವಂತೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡಾದ ಮೇಲೆ, ಉಳಿದವರು ಅಡ್ಡಾದಾಗ, ಆಕೆ ಊರಿನ ಗ್ರಂಥಾಲಯದಿಂದ ತಂದ ಕಾದಂಬರಿ ತೆಗೆದು ಗಟ್ಟಿಯಾಗಿ ಓದುತ್ತಿದ್ದಳು. ಆಮೇಲೆ ಬೆರಳಿನ ಗಂಟುಗಳು ಊದಿ, ಹೆಬ್ಬೆರಳು ಒಳಕ್ಕೆ ಮಡಚಿಕೊಂಡು, ಸುತ್ತಿಗೆ ಹಿಡಿಯಲು ಬಾರದಾಯಿತು.

ಆಗ ಶೆಡ್ಡಿನ ಹೆಂಗಸರು ಸಭೆಗಿಭೆ ಏನೂ ಕರೆಯದೆ ಒಂದು ಕಾಯಿದೆ ಮಾಡಿದರು. ಅತ್ತೆ ದಿನವಿಡೀ ಓದಬೇಕು. ಕೇಳಿದವರು ಸಂಜೆ ತಂತಮ್ಮ ಪುಟ್ಟಿಯಿಂದ ಒಂದೊಂದು ಹಿಡಿ ಹಣ್ಣು ಆಕೆಯ ಪುಟ್ಟಿಗೆ ಹಾಕಬೇಕು. 'ನಾ ಕೇಳಲಿಲ್ಲ' ಎಂದು ತಪ್ಪಿಸಿಕೊಳ್ಳುವವರಿಗೂ ಉಪಾಯವಿತ್ತು. ಸಂಜೆ ಅತ್ತೆ ಆ ದಿನದ ಕಥೆಯಲ್ಲಿ ಒಂದು ಪ್ರಶ್ನೆ ಕೇಳುತ್ತಾಳೆ. ಉತ್ತರ ಬಾಯಿಗೆ ಬಂತೋ, ಕೇಳಿದ್ದೀರೆಂದೇ ಅರ್ಥ, ಹಾಕಿ ಒಂದು ಹಿಡಿ! ನಾನು ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು. ನಮ್ಮಲ್ಲಿ ಉತ್ತರ ಗೊತ್ತಿಲ್ಲದವರಿಗೆ ದಂಡ. ಅಲ್ಲಿ ಗೊತ್ತಿದ್ದವರಿಗೆ. ಆದರೂ ಇಷ್ಟು ವರ್ಷಗಳಲ್ಲಿ ಯಾರೂ ಬಾಯಿ ಕಟ್ಟಿಕೊಂಡದ್ದನ್ನು ನಾನು ನೋಡಿಲ್ಲ. ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಮನುಷ್ಯರಿಗೆ ಅಷ್ಟು ಸುಲಭವೇ?

ಅತ್ತೆ ಓದುವುದು ವೈಜ್ಞಾನಿಕ ಕಾದಂಬರಿ ಮಾತ್ರ. ಏಳನೆಯ ತರಗತಿಗೇ ಶಾಲೆ ಬಿಟ್ಟ ಹೆಂಗಸು ಅದನ್ನೇ ಏಕೆ ಹಿಡಿದಳು? ಮೊದಲ ಸಲ ಗ್ರಂಥಾಲಯಕ್ಕೆ ಹೋದಾಗ ಅಲ್ಲಿದ್ದವರು ಮರ್ಯಾದೆಯಿಂದ ಒಂದು ಸಾಂಸಾರಿಕ ಕಾದಂಬರಿ ಕೈಗೆ ಕೊಟ್ಟರಂತೆ. ಈಕೆ ಎರಡು ಪುಟ ತಿರುವಿ ಮೇಜಿನ ಮೇಲಿಟ್ಟಳು. "ಅತ್ತಿ ಸೊಸಿ ಜಗಳ ನಮ್ಮನ್ಯಾಗ ಪುಕ್ಕಟೆ ಸಿಗತೈತ್ರಿ. ನನಗ ಸಿಗದಿದ್ದು ಏನಾರ ಇದ್ರ ಕೊಡ್ರಿ." ಅವರು ಬಹಳ ಹೊತ್ತು ಯೋಚಿಸಿ, ಮೂಲೆಯ ಗೂಡಿನಿಂದ ಧೂಳು ಕೊಡವಿ, ಮುಖಪುಟದ ಮೇಲೆ ಗಗನನೌಕೆಯಿದ್ದ ಪುಸ್ತಕವೊಂದನ್ನು ತೆಗೆದುಕೊಟ್ಟರು. ಆ ಗೂಡಿನಲ್ಲಿದ್ದದ್ದು ಬೆರಳೆಣಿಕೆಯ ಪುಸ್ತಕಗಳು. ಅತ್ತೆ ಅವನ್ನೇ ಸರದಿಯ ಮೇಲೆ, ಬಾವಿಗೆ ಕೊಡ ಇಳಿಬಿಟ್ಟು ಎತ್ತಿದ ಹಾಗೆ, ಇವತ್ತಿನವರೆಗೂ ತರುತ್ತಿದ್ದಾಳೆ.

ಈ ಓದಿಗೆ ಇನ್ನೊಂದು ನಿಯಮವಿದೆ. ಶೆಡ್ಡಿಗೆ ತಿಳಿಯದ ಮಾತು ಕಥೆಯಲ್ಲಿ ಮುಂದಕ್ಕೆ ಹೋಗುವಂತಿಲ್ಲ! 'ಗುರುತ್ವಾಕರ್ಷಣೆ' ಬಂದಾಗ ನೌಕೆ ಒಂದು ಇಡೀ ಮಧ್ಯಾಹ್ನ ಆಕಾಶದಲ್ಲೇ ನಿಂತಿತ್ತು. ಅತ್ತೆ ನೆಲದ ಸೆಳೆತ ಎಂದಳು, ಯಾರೂ ಒಪ್ಪಲಿಲ್ಲ. ಕೊನೆಗೆ ಮಾತಿನಲ್ಲಿ ಎಲ್ಲರಿಗಿಂತ ಖಾರವಾದ ಕೊಟ್ರವ್ವ ಸುತ್ತಿಗೆ ಕೆಳಗಿಟ್ಟು ಹೇಳಿದಳು. "ಎಷ್ಟು ದೂರ ಹೋದ್ರೂ ಜಗ್ಗತೈತಲ್ಲ, ಅದು ತವರುಮನಿ ಅಲ್ಲೇನು?" ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಹುಸೇನಬಿ, "ಹಂಗಾರ ತವರುಮನಿ ಇಲ್ಲದಾಕಿ ತೇಲ್ತಾಳ ಅನ್ನು" ಎಂದಳು. ಅಂದಿನಿಂದ ಆ ಶೆಡ್ಡಿನಲ್ಲಿ ಗ್ರಹಗಳು ಸೂರ್ಯನ ಸುತ್ತ ತಿರುಗುವುದು ತವರುಮನೆಯ ಬಲದಿಂದ.

'ಯಂತ್ರಮಾನವ'ನಿಗೆ ಅತ್ತೆ 'ಹೇಳಿದಷ್ಟು ಮಾಡೋನು' ಎಂದು ಅರ್ಥ ಹೇಳಿದ್ದಳು. ಅಂಥವನು ಒಬ್ಬ ಸಿಕ್ಕರೆ ತನಗೂ ಬೇಕು, ಮನೆಯಲ್ಲಿರುವವನು ಹೇಳಿದಷ್ಟನ್ನೂ ಮಾಡುವುದಿಲ್ಲ ಎಂದು ಕೊಟ್ರವ್ವ ಅರ್ಜಿ ಹಾಕಿದಳು. ಬೆಳಕಿನ ವೇಗದ ವಿಷಯಕ್ಕೆ ಮಾತ್ರ ದೊಡ್ಡ ಚರ್ಚೆಯೇ ನಡೆಯಿತು. ಹರಪನಹಳ್ಳಿಗೆ ಹೋಗುವ ಬಸ್ಸು ಯಾರು ಕೈ ಮಾಡಿದರೂ ನಿಲ್ಲದೆ ಓಡುತ್ತಲೇ ಇದ್ದರೆ ಹೇಗಿರುತ್ತದೆ, ಹಾಗೆ ಎಂದು ಅತ್ತೆ ವಿವರಿಸುತ್ತಿದ್ದಳು. "ಅದು ನಮಗ ಗೊತ್ತಿದ್ದದ್ದ ಬಿಡಕ್ಕ" ಎಂದಳು ಕೊಟ್ರವ್ವ. "ಬರೇ ಹೆಣ್ಣುಮಕ್ಕಳು ನಿಂತಿದ್ರ ಈಗ ಎಲ್ಲಾ ಬಸ್ಸೂ ಬೆಳಕಿನ ವೇಗದಾಗ ಹೋಗ್ತಾವ."

ಅರ್ಥವಾಯಿತಲ್ಲ? ಇನ್ನೇನು ಬೇಕು!

ಒಮ್ಮೆ ವಿಚಾರ ಸಂಕಿರಣದ ಚಹಾದ ಹೊತ್ತಿನಲ್ಲಿ ಇದನ್ನೆಲ್ಲ ಹೇಳಿದಾಗ, ಸಹೋದ್ಯೋಗಿಯೊಬ್ಬರು ಮೆಲ್ಲಗೆ ನಕ್ಕು ಆಕೆಗೆ ವಿಜ್ಞಾನ ನಿಜವಾಗಿ ಅರ್ಥವಾಗುತ್ತದೆಯೇ ಎಂದು ಕೇಳಿದರು. ವೈಜ್ಞಾನಿಕ ಕಾದಂಬರಿಯನ್ನು ಸಾಹಿತ್ಯ ಅನ್ನಬಹುದೇ ಎಂಬ ಅನುಮಾನ ಅವರಿಗೆ ಮೊದಲಿನಿಂದಲೂ ಇತ್ತು. ಅವರಿಗೆ ಆಗ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಡೈರಿಯಲ್ಲಿ 'ನಕ್ಕು ಸುಮ್ಮನಾದೆ' ಎಂದಿದೆ. ನನ್ನ ಡೈರಿಯಲ್ಲಿ ನನಗೆ ಅತ್ಯಂತ ನಾಚಿಕೆ ತರಿಸುವ ಎರಡು ಪದಗಳು ಇವೇ. ಆದ್ದರಿಂದ ಉತ್ತರವನ್ನು ಇಲ್ಲಿ ಕೊಡುತ್ತೇನೆ. ಸ್ವಾಮಿ, ಒಂದು ಪದಕ್ಕಾಗಿ ಇಪ್ಪತ್ತೈದು ಜನ ಸುತ್ತಿಗೆ ಕೆಳಗಿಟ್ಟು ಕೂತ ತರಗತಿಯನ್ನು ನೀವು ಎಂದಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ನನ್ನ ತರಗತಿಯಲ್ಲಿ ಹತ್ತು ಪದ ಅರ್ಥವಾಗದಿದ್ದರೂ ಯಾರೂ ಕೈ ಎತ್ತುವುದಿಲ್ಲ. ನೌಕೆ ಹೋಗುತ್ತಲೇ ಇರುತ್ತದೆ, ಒಳಗೆ ಯಾರೂ ಇರುವುದಿಲ್ಲ.

ಇಷ್ಟೆಲ್ಲ ಭವಿಷ್ಯ ಓದಿಕೊಂಡ ಅತ್ತೆಗೆ ಬಂದ ಭವಿಷ್ಯದ ಮೇಲೆ ಮಾತ್ರ ಕೆಟ್ಟ ಸಿಟ್ಟು. ತನಗೆ ಮೋಸವಾಗಿದೆ ಎಂದೇ ಆಕೆಯ ವಾದ. "ಒಂದು ಗುಳಿಗಿ ನುಂಗಿದ್ರ ಮೂರು ದಿನ ಊಟ ಬ್ಯಾಡ ಅಂತ ಬರೆದಿದ್ರು. ಈಗ ಒಂದು ಊಟ ಮಾಡಬೇಕಂದ್ರ ಮೂರು ಗುಳಿಗಿ ನುಂಗಬೇಕಾಗೈತಿ" ಎನ್ನುತ್ತಾ ಬಿಪಿಯದು, ಸಕ್ಕರೆಯದು, ಗಂಟುನೋವಿನದು ಎಂದು ಅಂಗೈಯಲ್ಲಿ ಹರಡಿ ತೋರಿಸುತ್ತಾಳೆ. ರೇಷನ್ ಅಂಗಡಿಯ ಯಂತ್ರದ ಜೊತೆಗಂತೂ ಮಾತೇ ಬಿಟ್ಟಿದ್ದಾಳೆ. ವರ್ಷಗಟ್ಟಲೆ ಹುಳಿಯಲ್ಲಿ ಆಡಿದ ಹೆಬ್ಬೆರಳಿನ ಗೆರೆಗಳೆಲ್ಲ ಸವೆದು ಹೋಗಿವೆ. ಯಂತ್ರ ಆಕೆಯ ಬೆರಳನ್ನು ಗುರುತಿಸುವುದಿಲ್ಲ. ಹಿಂದೆ ನಿಂತವರು ಇನ್ನೊಮ್ಮೆ ಒತ್ತಿ, ಒರೆಸಿ ಒತ್ತಿ ಎಂದು ಉಪದೇಶ ಮಾಡುತ್ತಿದ್ದರೆ ಈಕೆ ಕೈ ಹಿಂದಕ್ಕೆ ತೆಗೆದುಕೊಂಡಳಂತೆ. "ನಾನು ನಾನ ಹೌದೋ ಅಲ್ಲೋ ಅಂತ ನನ್ನ ಕೇಳೋ ಯಂತ್ರದ ಕತಿ ನಾ ಎಲ್ಲೂ ಓದಿಲ್ಲ. ಅದಕ್ಕ ನಾ ಗೊತ್ತಿಲ್ಲಂದ್ರ ಬಿಡ್ರಿ, ನನಗ ಅದು ಗೊತ್ತೈತಿ."

ಈಗ ನಾನು ಮಾಡಿದ ಒಂದು ಅಧಿಕಪ್ರಸಂಗ ಹೇಳಬೇಕು. ಹೇಳದೆ ಬಿಡಬಹುದಿತ್ತು, ಡೈರಿ ಬಿಡುತ್ತಿಲ್ಲ.

ಸಣ್ಣವಳಿದ್ದಾಗ ರಜೆಗೆ ಕೂಡ್ಲಿಗಿಗೆ ಹೋದರೆ ಮಧ್ಯಾಹ್ನದ ಓದು ಕೇಳಲು ನಾನೂ ಶೆಡ್ಡಿಗೆ ಹೋಗುತ್ತಿದ್ದೆ. ಒಂದು ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬನ ಮಗಳು ಎರಡು ಜಡೆ ಹಾಕಿ, ಹಡಗಲಿ ಮಲ್ಲಿಗೆ ಮುಡಿದು, ಅಪ್ಪನ ಪಕ್ಕದಲ್ಲಿ ಕೂತು ನೌಕೆ ನಡೆಸುತ್ತಾಳೆ. ಆ ಹುಡುಗಿ ನನ್ನ ಬಾಲ್ಯದ ಗೆಳತಿಯರೆಲ್ಲರಿಗಿಂತ ನಿಚ್ಚಳವಾಗಿ ನನಗೆ ನೆನಪಿದ್ದಾಳೆ. ಮುಂದೆ ಎಂ.ಎ. ಓದುವಾಗ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದೇ ಕಾದಂಬರಿ ಸಿಕ್ಕಿತು. ನಿಂತಲ್ಲೇ ಓದಿದೆ. ಜಡೆ ಇಲ್ಲ, ಮಲ್ಲಿಗೆ ಇಲ್ಲ, ನೌಕೆ ನಡೆಸುವುದಂತೂ ಇಲ್ಲವೇ ಇಲ್ಲ. ವಿಜ್ಞಾನಿಯ ಮಗಳಿಗೆ ಒಂದು ಹೆಸರು ಕೂಡ ಇರಲಿಲ್ಲ. ಅವಳು ಅಪ್ಪನಿಗೆ ಕಾಫಿ ತಂದುಕೊಡುತ್ತಾಳೆ, ನೌಕೆ ಹೊರಡುವಾಗ ಕೆಳಗೆ ನಿಂತು ಅಳುತ್ತಾ ಕೈ ಬೀಸುತ್ತಾಳೆ. ಅಷ್ಟೆ!

ಮುಂದಿನ ರಜೆಯಲ್ಲಿ ನೇರ ಶೆಡ್ಡಿಗೇ ಹೋಗಿ, ಎಲ್ಲರೆದುರು, ಪುಸ್ತಕದಲ್ಲಿ ಇಲ್ಲದ್ದನ್ನು ಅತ್ತೆ ಓದುತ್ತಾಳೆ ಎಂದು ಹೇಳಿಬಿಟ್ಟೆ. ಪುಟದ ಸಂಖ್ಯೆ ಸಮೇತ! ಆಗ ನನಗೆ ಪಠ್ಯವೇ ದೇವರು. ಸುತ್ತಿಗೆಗಳು ನಿಂತವು. ಅತ್ತೆಯ ಮುಖ ಬಾಡಿತ್ತೋ ಇಲ್ಲವೋ, ನನಗೆ ನೆನಪಿಲ್ಲ. ನೆನಪಿಟ್ಟುಕೊಳ್ಳಲು ಧೈರ್ಯ ಸಾಲಲಿಲ್ಲ ಎಂದರೆ ಹೆಚ್ಚು ನಿಜ. ಆಕೆ ಹೇಳಿದ್ದು ಮಾತ್ರ ಡೈರಿಯಲ್ಲಿ ಅಕ್ಷರಕ್ಕಕ್ಷರ ಇದೆ.

"ಬರೆದೋನು ಅವಸರದಾಗ ಆಕೀನ್ನ ಬಿಟ್ಟು ಹೋಗ್ಯಾನ. ಒಳಗ ಜಾಗ ಐತಿ, ಹುಡುಗಿ ಕೈ ಮಾಡಿ ನಿಂತಾಳ. ನಾವು ಹತ್ತಿಸಿಕೊಂಡ್ವಿ. ತಪ್ಪೇನು?"

ಕೊಟ್ರವ್ವ ಎದ್ದು ನಿಂತು, ಹುಡುಗಿ ನೌಕೆಯಲ್ಲಿ ಹೋಗಬೇಕು ಅನ್ನುವವರು ಕೈ ಎತ್ತಲಿ ಎಂದಳು. ಇಪ್ಪತ್ತೈದು ಹುಳಿಗೈಗಳು ಮೇಲೆದ್ದವು. ಎಂ.ಎ. ಓದುವವಳ ಕಡೆಗೆ ಒಂದೂ ಇರಲಿಲ್ಲ.

ಹೋದ ಬೇಸಿಗೆಗೆ ಬರುತ್ತೇನೆ. ಶೆಡ್ಡಿನ ದೊಡ್ಡ ಸಾಹುಕಾರರು ವ್ಯವಹಾರವನ್ನು ಮಗನಿಗೆ ವಹಿಸಿದರು. ಸಣ್ಣ ಸಾಹುಕಾರ ಇರುವುದು ಹೊಸಪೇಟೆಯಲ್ಲಿ. ಅಲ್ಲಿಂದಲೇ ಫೋನಿನಲ್ಲಿ ಶೆಡ್ಡು ನೋಡುವುದಕ್ಕೆ ಗೋಡೆಗೊಂದು ಕ್ಯಾಮೆರಾ ಹಾಕಿಸಿದ. ಹೊಸ ಯಂತ್ರ ಬಂದರೆ ನಮ್ಮ ಹೆಂಗಸರು ಪೂಜೆ ಮಾಡದೆ ಬಿಡುತ್ತಾರೆಯೇ? ಕೊಟ್ರವ್ವ ಚೀಲಗಳ ರಾಶಿ ಹತ್ತಿ ಅದರ ಹಣೆಗೆ ಅರಿಶಿನ ಕುಂಕುಮ ಹಚ್ಚಿದಳು. ಅದಕ್ಕೆ ಹಣೆ ಯಾವುದು, ಕಣ್ಣು ಯಾವುದು ಎಂದು ಅವಳಿಗೇನು ಗೊತ್ತು! ಹೊಸಪೇಟೆಯಲ್ಲಿ ಸಣ್ಣ ಸಾಹುಕಾರನ ಫೋನಿನಲ್ಲಿ ಶೆಡ್ಡು, ಹೆಂಗಸರು, ಹುಣಸೆಹಣ್ಣು ಎಲ್ಲವೂ ಕೆಂಪಾಯಿತು. ಏನು ಅನಾಹುತವೋ ಎಂದು ಪಾಪ ಕಾರು ಹತ್ತಿ ಓಡಿಬಂದ. ಅತ್ತೆ ಮಾತ್ರ ಶಾಂತವಾಗಿ, ಮಂಗಳ ಗ್ರಹ ದೂರದಿಂದ ಹಾಗೇ ಕಾಣುತ್ತದೆ ಎಂದು ಸಮಾಧಾನ ಹೇಳಿದಳು.

ಕುಂಕುಮ ಒರೆಸಿದ ಮೇಲೆ ಅವನಿಗೆ ಶೆಡ್ಡು ಸ್ಪಷ್ಟವಾಗಿ ಕಂಡಿತು. ಸ್ಪಷ್ಟವಾಗಿ ಕಂಡದ್ದೇ ಕೆಟ್ಟದ್ದಾಯಿತು. ಒಬ್ಬ ಮುದುಕಿ ದಿನವಿಡೀ ಒಂದು ಹಣ್ಣೂ ಬಿಡಿಸದೆ ಪುಸ್ತಕ ಹಿಡಿದು ಕೂತಿರುತ್ತಾಳೆ! ಶೆಡ್ಡಿನ ಗುಮಾಸ್ತನ ಮೂಲಕ ಹೇಳಿಕಳಿಸಿದ. ಸೋಮವಾರದಿಂದ ಹಣ್ಣು ಬಿಡಿಸುವವರು ಮಾತ್ರ ಶೆಡ್ಡಿನಲ್ಲಿ ಕೂರಬೇಕು.

ವಿಷಯ ತಿಳಿದು ನಾನು ಅತ್ತೆಗೆ ಫೋನ್ ಮಾಡಿದೆ. ಸಣ್ಣ ಸಾಹುಕಾರನನ್ನು ಒಮ್ಮೆ ಕೇಳಿಕೊಳ್ಳಬಾರದೇ ಎಂದೆ. "ಕೇಳಿಕೊಳ್ಳಾಕ ನಾನೇನು ತಪ್ಪು ಮಾಡೀನಿ? ನನ್ನ ಪುಟ್ಟಿ ದಿನಾ ತುಂಬತೈತಿ. ಯಾರ ಕೈಲಿ ತುಂಬ್ತು ಅನ್ನೋದು ಅವಗ ಯಾಕ?" ಹಾಗಿದ್ದರೆ ಹಗರಿಬೊಮ್ಮನಹಳ್ಳಿಗೆ ಬಂದು ನನ್ನ ಜೊತೆ ಇರು, ಮನೆ ತುಂಬ ಪುಸ್ತಕಗಳಿವೆ ಎಂದೆ. "ಪುಸ್ತಕ ಅದಾವ ಖರೆ. ಕೇಳೋರು ಯಾರದಾರ?"

ಆಗ ನನಗೆ ಅರ್ಥವಾಯಿತು. ಓದು ನಿಂತರೆ ಆಕೆಗೆ ತಪ್ಪುವುದು ಪುಟ್ಟಿಯ ಹಣ್ಣಲ್ಲ, ಆ ಸಾಲಿನಲ್ಲಿ ಕೂರುವ ಜಾಗ. ಇಪ್ಪತ್ತೈದು ಜನ ಕಿವಿಗೊಡುವ ಜಾಗ ಈ ಭೂಮಿಯ ಮೇಲೆ ಎಷ್ಟು ಜನರಿಗಿದೆ? ಮೈಕು ಹಿಡಿದು ಪಾಠ ಮಾಡುವ ನನಗೂ ಇಲ್ಲ.

ಸೋಮವಾರ ಒಂಬತ್ತಕ್ಕೆ ಅತ್ತೆ ಶೆಡ್ಡಿಗೆ ಹೋದಳು. ಅಷ್ಟೇ ಅಲ್ಲ, ಕ್ಯಾಮೆರಾದ ಎದುರಿಗೇ ಗೋಣಿಚೀಲ ಹಾಸಿ, ಅದಕ್ಕೆ ಮುಖ ಮಾಡಿ ಕೂತಳು. "ಹೊಸಬರೊಬ್ರು ಬಂದಾರ. ಅವರಿಗೆ ಹಿಂದಿನ ಕತಿ ಗೊತ್ತಿಲ್ಲ, ಮೊದಲಿಂದ ಓದ್ತೀನಿ" ಎಂದು ಘೋಷಿಸಿ, ಅದೇ ವಿಜ್ಞಾನಿಯ ಮಗಳ ಕಾದಂಬರಿಯ ಮೊದಲ ಪುಟ ತೆರೆದಳು. ಗುಮಾಸ್ತ ಬಾಗಿಲಲ್ಲಿ ನಿಂತು ಕೈ ಹೊಸಕಿಕೊಂಡ. ಎಬ್ಬಿಸುವ ಧೈರ್ಯ ಅವನಿಗೆಲ್ಲಿ? ಅವನೂ ಚಿಕ್ಕಂದಿನಲ್ಲಿ ಅವ್ವನ ಪಕ್ಕ ಕೂತು ಇದೇ ಕಥೆ ಕೇಳಿದವನು. ಅತ್ತೆ ದಿನವೂ ಸಂಜೆ ಉಳಿದವರನ್ನು ಕೇಳಿದ ಹಾಗೆ ಕ್ಯಾಮೆರಾವನ್ನೂ ಒಂದು ಪ್ರಶ್ನೆ ಕೇಳುತ್ತಿದ್ದಳಂತೆ. ಅದು ಉತ್ತರ ಕೊಡುತ್ತಿರಲಿಲ್ಲ. ಇನ್ನೂ ಕಿವಿ ಬಂದಿಲ್ಲ ಎಂದು ಆಕೆ ಬಿಟ್ಟುಬಿಡುತ್ತಿದ್ದಳು.

ಎಂಟನೆಯ ದಿನ. ನೌಕೆಯನ್ನು ಕಟ್ಟಿ ಪರೀಕ್ಷೆ ಮಾಡುವಾಗ ವಿಜ್ಞಾನಿ ಒಳಗೇ ಸಿಕ್ಕಿಬಿದ್ದಿದ್ದಾನೆ, ಬಾಗಿಲು ತೆಗೆಯುತ್ತಿಲ್ಲ, ಉಸಿರಿಗೆ ಗಾಳಿ ಸಾಲುತ್ತಿಲ್ಲ. ಅತ್ತೆ ಅಲ್ಲಿಗೆ ನಿಲ್ಲಿಸಿ, ಚೊಂಬು ಎತ್ತಿ ನೀರು ಕುಡಿಯತೊಡಗಿದಳು. ಎಷ್ಟು ಹೊತ್ತು ಕುಡಿದಳೆಂದರೆ ಒಳಗಿದ್ದ ವಿಜ್ಞಾನಿ ಎರಡು ಸಲ ಸಾಯಬಹುದಿತ್ತು! ಆಗ ಗೋಡೆ ಮಾತಾಡಿತು.

"ಮುಂದೇನಾತ್ರಿ ಯವ್ವಾ?"

ಕ್ಯಾಮೆರಾಕ್ಕೆ ದನಿಯೂ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೊಟ್ರವ್ವ ಎರಡೂ ಕೈ ಜೋಡಿಸಿದಳು. ಹುಸೇನಬಿಯ ಸುತ್ತಿಗೆ ಜಾರಿ ಬಿತ್ತು. ಬೆಚ್ಚದೆ ಉಳಿದವಳು ಅತ್ತೆ ಒಬ್ಬಳೇ. ಗೋಡೆ ಮಾತಾಡುವುದನ್ನು ಆಕೆ ಎಷ್ಟೋ ವರ್ಷಗಳಿಂದ ಕಾಯುತ್ತಿದ್ದಳು, ಇಷ್ಟು ತಡವಾಯಿತಲ್ಲ ಎಂಬುದೊಂದೇ ಬೇಸರ. ಬಾಯಿ ಒರೆಸಿಕೊಂಡು, ಇಷ್ಟು ದಿನ ಕೇಳಿದಿರೇನು ಎಂದು ವಿಚಾರಿಸಿದಳು. ಹೊಸಪೇಟೆಯ ದನಿ ಸ್ವಲ್ಪ ತಡವರಿಸಿ, ಸುಮ್ಮನೆ ಕಿವಿಗೆ ಬಿತ್ತು ಎಂದಿತು.

"ಕೇಳಿದೋರು ಒಂದು ಹಿಡಿ ಹಾಕಬೇಕ್ರಿ. ಎಂಟು ದಿನಕ್ಕ ಎಂಟು ಹಿಡಿ."

ಶೆಡ್ಡಿನಲ್ಲಿರುವ ಹಣ್ಣೆಲ್ಲ ತನ್ನದೇ, ಬೇಕಾದಷ್ಟು ತೆಗೆದುಕೊಳ್ಳಿ ಎಂದಿತು ದನಿ.

"ನಿಮ್ಮದು ಅನ್ನೋದು ಬ್ಯಾರೆ, ನೀವು ಬಿಡಿಸಿದ್ದು ಬ್ಯಾರೆ" ಎಂದು ಅತ್ತೆ ಪುಸ್ತಕ ಮುಚ್ಚಿದಳು.

ಮರುದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಕಾರು ನಿಂತಿತು. ಇಸ್ತ್ರಿ ಪ್ಯಾಂಟಿನ ಸಣ್ಣ ಸಾಹುಕಾರ, ಮೂವತ್ತು ದಾಟಿದ ಗಂಡಸು, ತನ್ನದೇ ಶೆಡ್ಡಿನಲ್ಲಿ ಗೋಣಿಚೀಲದ ಮೇಲೆ ಕಾಲು ಮಡಚಿ ಕೂತ. ಅಪ್ಪನ ಕಾಲದಿಂದ ಹುಣಸೆಹಣ್ಣಿನಲ್ಲೇ ಬೆಳೆದವನು ಅದುವರೆಗೆ ಒಂದು ಬೀಜ ತೆಗೆದಿರಲಿಲ್ಲ. "ಬೀಜಕ್ಕ ಹೊಡಿರಿ, ಬೆರಳಿಗಲ್ಲ" ಎಂದು ಕೊಟ್ರವ್ವ ಪಾಠ ಹೇಳಿಕೊಟ್ಟಳು. ಎಂಟು ಹಿಡಿ ಮುಗಿಯುವಾಗ ಬಿಸಿಲು ಇಳಿದಿತ್ತು. ಹೆಬ್ಬೆರಳಿಗೆ ಕರ್ಚೀಫು ಕಟ್ಟಿಕೊಂಡು ಅವನು, ಸರಿ, ಈ ಪುಸ್ತಕ ಮುಗಿಯುವವರೆಗೆ ಓದಿ, ಆಮೇಲೆ ನೋಡೋಣ ಎಂದು ಹೇಳಿ ಹೊರಟ. ಇದೆಲ್ಲ ನಾನು ಕಂಡದ್ದಲ್ಲ, ಕೊಟ್ರವ್ವನಿಂದ ಕೇಳಿದ್ದು. ಕರ್ಚೀಫಿನ ಬಣ್ಣ ನನಗೆ ನೆನಪಿದೆ ಎಂದು ಈ ಸಲ ಹೇಳುವುದಿಲ್ಲ.

ಪುಸ್ತಕ ಮುಗಿಯುವವರೆಗೆ! ಆಮೇಲೆ ಅತ್ತೆ ಓದಿದ್ದನ್ನು ನೀವು ಕೇಳಬೇಕಿತ್ತಂತೆ. ವಿಜ್ಞಾನಿ ಒಂದು ಲೋಟ ನೀರು ಕುಡಿಯಲು ಅರ್ಧ ದಿನ ತೆಗೆದುಕೊಂಡ. ನೌಕೆಯ ಮೊಳೆಗಳನ್ನು ಒಂದೊಂದಾಗಿ ವರ್ಣಿಸಲಾಯಿತು. ಆದರೆ ಹುಸೇನಬಿಗೆ ಬೇರೆಯೇ ಅನುಮಾನ ಬಂತು. ಆಕೆ ಗಮನಿಸಿದಂತೆ, ಅತ್ತೆ ಮೂರು ದಿನದಿಂದ ಪುಟವನ್ನೇ ತಿರುವಿರಲಿಲ್ಲ.

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳದೆ, ಕಂಡಷ್ಟು ದಿನ ಕಂಡು, ಆಮೇಲೆ ಬಾಯಿಪಾಠದಿಂದ ಓದುತ್ತಿದ್ದಳು. ಹುಸೇನಬಿಯೇ ಗದರಿಸಿ ಕರೆದುಕೊಂಡು ಹೋಗಿ ಹೆಚ್ಚು ಮಂಜಾಗಿದ್ದ ಕಣ್ಣಿಗೆ ಆಪರೇಷನ್ ಮಾಡಿಸಿದಳು. ಒಂದು ತಿಂಗಳು ಓದುವಂತಿಲ್ಲ, ಇನ್ನೊಂದು ಕಣ್ಣು ಆಮೇಲೆ ಎಂದರು ಡಾಕ್ಟರು. ಗುಮಾಸ್ತ ತಲೆ ತಗ್ಗಿಸಿಕೊಂಡು ಬಂದು, ಓದೂ ಇಲ್ಲ, ಬಿಡಿಸುವುದೂ ಇಲ್ಲ ಅಂದಮೇಲೆ ಕೂರುವುದು ಹೇಗೆ ಎಂದು ಹೊಸಪೇಟೆಯವರು ಕೇಳುತ್ತಿದ್ದಾರೆ ಎಂದ. ಅವತ್ತೇ ನನಗೆ ಫೋನು ಬಂತು. "ನಿನಗ ರಜಾ ಐತಲ್ಲ. ಬಾ. ಬಂದು ಓದು." ಕೇಳಿಕೊಳ್ಳುವ ದನಿಯಲ್ಲ, ಆಜ್ಞೆ!

ಹೋದೆ. ಅತ್ತೆ ಕರಿ ಕನ್ನಡಕ ಹಾಕಿಕೊಂಡು, ಧೂಳು ತಾಕದಂತೆ ಬಾಗಿಲ ಹತ್ತಿರ, ಕೇಳುವವರ ಸಾಲಿನ ತುದಿಯಲ್ಲಿ ಕೂತಿದ್ದಳು. ಅವಳ ಜಾಗದಲ್ಲಿ ಕ್ಯಾಮೆರಾಕ್ಕೆ ಎದುರಾಗಿ ನಾನು. ಇಪ್ಪತ್ತು ವರ್ಷ ಓದಿ, ಹತ್ತು ವರ್ಷ ಓದಿಸಿದವಳು ನಾನು. ಅರ್ಧ ಗಂಟೆಗೆ ಕೊಟ್ರವ್ವ ಪಕ್ಕದವಳಿಗೆ, "ಇಕಿ ಸುದ್ದಿ ಓದ್ದಂಗ ಓದ್ತಾಳ" ಎಂದದ್ದು ನನಗೂ ಕೇಳಿಸಿತು. 'ಗುರುತ್ವಾಕರ್ಷಣೆ' ಎಂದಾಗ ಹುಸೇನಬಿ ತಡೆದು, ತವರುಮನಿ ಅನ್ರಿ ಎಂದು ತಿದ್ದಿದಳು. ತಿದ್ದಿಕೊಂಡೆ. ಮೂರನೆಯ ದಿನದ ಹೊತ್ತಿಗೆ ಸುತ್ತಿಗೆಗಳ ಲಯ ನನ್ನ ವಾಕ್ಯಗಳಿಗೆ ಹೊಂದಿಕೊಂಡಿತ್ತು. ಅಥವಾ ನನ್ನ ವಾಕ್ಯಗಳು ಸುತ್ತಿಗೆಗೆ ಹೊಂದಿಕೊಂಡಿದ್ದವೋ!

ನಾಲ್ಕನೆಯ ದಿನ ಆ ಪುಟ ಬಂತು. ನೌಕೆ ಹೊರಡಲು ಸಿದ್ಧವಾಗಿದೆ. ಮಗಳು ಕೆಳಗೆ ನಿಂತಿದ್ದಾಳೆ. ಮುಂದಿನ ಎರಡು ಸಾಲು ಅಚ್ಚಾಗಿ ನನ್ನ ಕಣ್ಣ ಮುಂದಿವೆ. ಪಠ್ಯಕ್ಕೆ ನಿಷ್ಠರಾಗಿರಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವ ಬಾಯಿ ಇದು. ನಾನು ನಿಲ್ಲಿಸಿದೆ. ಸುತ್ತಿಗೆಗಳೂ ನಿಂತವು. ಅತ್ತೆಯ ಕರಿ ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ.

ಪುಸ್ತಕದಿಂದ ಕಣ್ಣು ತೆಗೆಯದೆ ಓದಿದೆ. ವಿಜ್ಞಾನಿ ಬಾಗಿಲು ಹಾಕುವ ಮೊದಲು ಹಿಂದಿರುಗಿ ನೋಡಿದ. ಪಕ್ಕದ ಆಸನ ಖಾಲಿ ಇತ್ತು. ಮಗಳು ಎರಡು ಜಡೆಗಳನ್ನೂ ಹಿಂದಕ್ಕೆ ಸರಿಸಿ, ಮಲ್ಲಿಗೆ ಬೀಳದಂತೆ ಒಂದು ಕೈ ಇಟ್ಟುಕೊಂಡು, ಮೆಟ್ಟಿಲು ಹತ್ತಿದಳು.

ಟಕ್ ಎಂದು ಒಂದು ಸುತ್ತಿಗೆ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ.

ಸಂಜೆ ಪುಸ್ತಕ ಮುಗಿಯಿತು. ಗೋಡೆ, "ಇಂಥದ್ದು ಇನ್ನೊಂದು ಪುಸ್ತಕ ಐತೇನ್ರಿ?" ಎಂದು ಕೇಳಿತು. ಐತಿ, ಮುಗಿಯೋ ಮಾತ ಇಲ್ಲ ಎಂದಳು ಅತ್ತೆ. ನಾಳೆ ಬರುವಾಗ ಸುತ್ತಿಗೆ ಮರೆಯಬೇಡಿ ಎಂದು ಕೊಟ್ರವ್ವ ಗೋಡೆಗೆ ತಾಕೀತು ಮಾಡಿದಳು.

ಹಿಡಿ ಹಾಕುವ ಹೊತ್ತು. ಓದಿದವಳು ನಾನಾದ್ದರಿಂದ ಪುಟ್ಟಿ ನನ್ನ ಮುಂದಿತ್ತು. ಅದು ಅತ್ತೆಗೇ ಸೇರುವುದು ಎಂದು ಎಲ್ಲರಿಗೂ ಗೊತ್ತು. ಒಬ್ಬೊಬ್ಬರಾಗಿ ಬಂದು ಹಾಕಿ ಹೋದರು. ಕೊನೆಯಲ್ಲಿ ಅತ್ತೆ ಗೋಡೆ ಹಿಡಿದು ಎದ್ದು ಬಂದಳು. ಮಡಚಿಕೊಂಡ ಬೆರಳುಗಳನ್ನು ನನ್ನ ಪುಟ್ಟಿಯ ಮೇಲೆ ಕಷ್ಟಪಟ್ಟು ಬಿಚ್ಚಿದಳು. ನಾಲ್ಕು ದಿನ ನಾನು ಪುಸ್ತಕ ನೋಡುತ್ತಿದ್ದಾಗ, ಆ ಸಾಲಿನ ತುದಿಯಲ್ಲಿ, ಸುತ್ತಿಗೆ ಹಿಡಿಯಲಾಗದೆ, ಉಗುರಿನಿಂದಲೇ ಒಂದೊಂದಾಗಿ ಬೀಜ ತೆಗೆದು ಹಣ್ಣನ್ನು ಸೆರಗಿನಲ್ಲಿ ಕಟ್ಟಿಟ್ಟಿದ್ದಳು.

"ನಾನೂ ಕೇಳೀನಲ್ಲ" ಎಂದಳು.

ಆ ರಾತ್ರಿಯ ಡೈರಿಯಲ್ಲಿ 'ಹನ್ನೊಂದು ಹಣ್ಣು' ಎಂದು ಬರೆದಿದ್ದೇನೆ. ನನ್ನ ನೆನಪಿನಲ್ಲಾದರೆ ಅದು ಹಿಡಿ ತುಂಬಿ ಹೊರಕ್ಕೆ ಚೆಲ್ಲುತ್ತಿತ್ತು. ಬೇರೆಲ್ಲ ಕಡೆ ನಾನು ಡೈರಿಯ ಮಾತು ಕೇಳಿದ್ದೇನೆ. ಇದೊಂದು ಕಡೆ ಡೈರಿ ಎಣಿಸುವುದರಲ್ಲಿ ತಪ್ಪಿದೆ. ಅನುಮಾನವಿದ್ದವರು ಕೂಡ್ಲಿಗಿಗೆ ಬಂದು ಎಣಿಸಿಕೊಳ್ಳಲಿ.